ಬಿಫೋರ್ ಅಂದರೆ ಯಾವಾಗ?

"ಅಣ್ಣ, ನಿಜ ಹೇಳು. ನನ್ನ ಬಣ್ಣ ಬದಲಾಯ್ಸಿದ್ಯಾ?"

ಪುಟ್ಟಿ ಕೇಳಿದ್ದು ಇಷ್ಟೇ. ಪುಟ್ಟಿ ನಮ್ಮ ಚಿಕ್ಕಪ್ಪನ ಮಗಳು. ತಿಪಟೂರಿನ ಹತ್ತಿರ ನಮ್ಮೂರಿನ ಮನೆಯಲ್ಲೇ ಅವಳ ನಿಶ್ಚಿತಾರ್ಥ ಆಗಿ ಹದಿನೈದು ದಿನ ಆಗಿತ್ತು. ಮದುವೆ ಸೀರೆ ತಗೊಳ್ಳೋಕೆ ಅಂತ ಚಿಕ್ಕಮ್ಮನ ಜೊತೆ ಬೆಂಗಳೂರಿಗೆ ಬಂದವಳು ನಮ್ಮ ಮನೆಯಲ್ಲೇ ಉಳಿದುಕೊಂಡಿದ್ದಳು. ಇಡೀ ದಿನ ಚಿಕ್ಕಪೇಟೆ ಸುತ್ತಿ ಸುಸ್ತಾಗಿ ಚಿಕ್ಕಮ್ಮ ಮಲಗಿದ್ದರು. ನಾವಿಬ್ಬರೂ ಊಟ ಮುಗಿಸಿ ಅವಳ ಮೊಬೈಲಿನಲ್ಲಿ ನಿಶ್ಚಿತಾರ್ಥದ ಫೋಟೊ ನೋಡುತ್ತಾ ಕೂತಿದ್ದೆವು. ಆ ಫೋಟೊಗಳನ್ನು ತೆಗೆದವನೂ ನಾನೇ, ಎಡಿಟ್ ಮಾಡಿದವನೂ ನಾನೇ. ವಾರವೆಲ್ಲ ಆಫೀಸು, ರಜೆ ಸಿಕ್ಕರೆ ಕ್ಯಾಮೆರಾ. ನಮ್ಮ ನೆಂಟರಿಷ್ಟರಲ್ಲಿ ನಾಮಕರಣದಿಂದ ಹಿಡಿದು ಗೃಹಪ್ರವೇಶದ ತನಕ ಬಿಟ್ಟಿ ಫೋಟೊಗ್ರಾಫರ್ ನಾನೇ.

"ಬಣ್ಣ ಮುಟ್ಟೇ ಇಲ್ಲ ಕಣೇ. ಬೆಳಕು ಸ್ವಲ್ಪ ಎತ್ತಿದೀನಿ, ಅಷ್ಟೇ," ಅಂದೆ. ನನಗೆ ಗೊತ್ತಿದ್ದ ಮಟ್ಟಿಗೆ ಅದು ಸುಳ್ಳಾಗಿರಲಿಲ್ಲ.

"ಹಾಗಾದ್ರೆ ಮುಂಚೆ ಹೆಂಗಿತ್ತು, ತೋರ್ಸು."

ಇದೇನು ಮಹಾ ಅಂದುಕೊಂಡು ಲ್ಯಾಪ್‌ಟಾಪ್ ತೆಗೆದೆ. ನಾನು ಬಳಸೋದು ಲೈಟ್‌ರೂಮ್ ಕ್ಲಾಸಿಕ್. ಅದರ ಡೆವಲಪ್ ವಿಭಾಗದಲ್ಲಿ ಕೀಬೋರ್ಡಿನ 'ವೈ' ಒತ್ತಿದರೆ ಪರದೆ ಎರಡಾಗುತ್ತೆ. ಎಡಕ್ಕೆ ಬಿಫೋರ್, ಬಲಕ್ಕೆ ಆಫ್ಟರ್. ಜೊತೆಗೆ ಶಿಫ್ಟ್ ಒತ್ತಿಕೊಂಡರೆ ಒಂದೇ ಫೋಟೊ ನಡುವೆ ಗೆರೆ ಎಳೆದ ಹಾಗೆ ಅರ್ಧ ಹಳೆಯದು, ಅರ್ಧ ಹೊಸದು ಕಾಣುತ್ತೆ.

ವೈ ಒತ್ತಿದೆ. ಏನೂ ಆಗಲಿಲ್ಲ. ಇನ್ನೊಮ್ಮೆ ಒತ್ತಿದೆ. ಊಹೂಂ.

ಪುಟ್ಟಿ ನನ್ನ ಮುಖ ನೋಡಿದಳು. ಏನೋ ಮುಚ್ಚಿಡ್ತಿದ್ದಾನೆ ಅನ್ನೋ ನೋಟ. ಕಾರಣ ಹೊಳೆಯೋಕೆ ಎರಡು ನಿಮಿಷ ಬೇಕಾಯ್ತು. ಸಂಜೆ ಕನ್ನಡದಲ್ಲಿ ಏನೋ ಟೈಪ್ ಮಾಡಿ, ಕೀಬೋರ್ಡನ್ನು ಇನ್‌ಸ್ಕ್ರಿಪ್ಟ್‌ನಲ್ಲೇ ಬಿಟ್ಟಿದ್ದೆ. ಇನ್‌ಸ್ಕ್ರಿಪ್ಟ್‌ನಲ್ಲಿ ವೈ ಇರುವ ಕಡೆ 'ಬ' ಕೂತಿರುತ್ತೆ. ನಾನು ವೈ ಅಂತ ಒತ್ತುತ್ತಿದ್ದೆ, ಅದಕ್ಕೆ ಬ ಅಂತ ಕೇಳಿಸುತ್ತಿತ್ತು. ಭಾಷೆ ಇಂಗ್ಲಿಷಿಗೆ ಬದಲಾಯಿಸಿ ಒತ್ತಿದೆ. ಪರದೆ ಎರಡಾಯ್ತು.

ಎರಡೂ ಕಡೆ ಒಂದೇ ಫೋಟೊ. ಜಗಲಿಯ ಮೇಲೆ ತಟ್ಟೆ ಹಿಡಿದು ಕೂತ ಪುಟ್ಟಿ. ಬಲಗಡೆಯದು ಒಂಚೂರು ತಿಳಿಯಾಗಿತ್ತು. ಅದು ಬಿಟ್ಟರೆ ಎರಡಕ್ಕೂ ವ್ಯತ್ಯಾಸವೇ ಇಲ್ಲ.

"ನೋಡಿದ್ಯಾ, ನಾ ಹೇಳ್ಲಿಲ್ವಾ?" ಅಂದೆ, ಗೆದ್ದವನ ಹಾಗೆ.

ಅವಳು ಮಾತಾಡಲಿಲ್ಲ. ತನ್ನ ಎಡಗೈಯನ್ನು ಪರದೆಯ ಪಕ್ಕಕ್ಕೆ ತಂದಳು. ಫೋಟೊದಲ್ಲಿ ತಟ್ಟೆ ಹಿಡಿದಿದ್ದ ಕೈಗೂ ಈ ಕೈಗೂ ಸಂಬಂಧವೇ ಇರಲಿಲ್ಲ. ಎಡಗಡೆಯ ಪುಟ್ಟಿಯೂ ಬೆಳ್ಳಗಿದ್ದಳು, ಬಲಗಡೆಯ ಪುಟ್ಟಿಯೂ ಬೆಳ್ಳಗಿದ್ದಳು. ನನ್ನ ಪಕ್ಕ ಕೂತಿದ್ದ ಪುಟ್ಟಿ ಮಾತ್ರ ಕಪ್ಪು.

ನಮ್ಮ ಮನೆಯಲ್ಲಿ ಯಾರೂ ಈ ಮಾತನ್ನು ನೇರವಾಗಿ ಹೇಳಲ್ಲ. 'ಅವಳಿಗೆ ಅಜ್ಜಿ ಬಣ್ಣ' ಅಂತಾರೆ. ಸಂಬಂಧ ನೋಡುವಾಗ ದಲ್ಲಾಳಿ ಹತ್ತಿರ ಅದೇ 'ಗೋಧಿ ಬಣ್ಣ' ಆಗುತ್ತೆ. ಕಾಣೆಯಾದವರ ಪ್ರಕಟಣೆಯಿಂದ ಹಿಡಿದು ವಧು ಬೇಕಾಗಿದ್ದಾಳೆ ತನಕ ನಮ್ಮಲ್ಲಿ ಅರ್ಧಕ್ಕರ್ಧ ಜನ ಗೋಧಿ ಬಣ್ಣದವರೇ. ರಾಗಿ ತಿನ್ನೋ ಸೀಮೆಯಲ್ಲಿ ರಾಗಿ ಬಣ್ಣ ಅಂತ ಯಾರೂ ಬರೆಸಲ್ಲ.

ಕೈ ಹಿಂದಕ್ಕೆ ತಗೊಂಡು ಪುಟ್ಟಿ ಅಂದಳು: "ಎರಡು ವರ್ಷದ ಹಿಂದೆ ಜಾತಕದ ಜೊತೆ ಕಳಿಸೋಕೆ ಅಂತ ಒಂದು ಫೋಟೊ ತೆಗ್ದಿದ್ದೆ ನೆನಪಿದ್ಯಾ? ಅದನ್ನ ನೋಡಿ ಬಂದೋರಲ್ಲಿ ಎರಡು ಮನೆಯವರು ನಾನು ಕಾಫಿ ತಂದಿಟ್ಟ ತಕ್ಷಣ ಒಬ್ರ ಮುಖ ಒಬ್ರು ನೋಡ್ಕೊಂಡ್ರು. ಒಬ್ಬರಂತೂ ನನ್ನೆದುರೇ ಅಂದ್ರು, ಫೋಟೊದಲ್ಲಿ ಬೇರೆ ಥರ ಇದ್ದಾಳಲ್ಲಾ ಅಂತ. ನಿಂಗೆ ಹೇಳ್ಬೇಡ, ಬೇಜಾರು ಮಾಡ್ಕೊತಾನೆ ಅಂತ ಅಮ್ಮ ಅಂದ್ಲು. ಅದಕ್ಕೇ ಹೇಳಿರ್ಲಿಲ್ಲ."

ನನಗೆ ಏನು ಹೇಳಬೇಕೋ ತಿಳಿಯಲಿಲ್ಲ. "ಸಾಫ್ಟ್‌ವೇರ್ ಏನೋ ತಪ್ಪು ತೋರಿಸ್ತಿದೆ, ನೋಡ್ತೀನಿ ತಡಿ," ಅಂದೆ. ಅವಳು "ಹ್ಞೂಂ" ಅಂದು ಮಲಗೋಕೆ ಹೋದಳು.

ನಾನು ಮಾಡೋದು ಟೆಸ್ಟಿಂಗ್ ಕೆಲಸ. ಬೇರೆಯವರು ಬರೆದ ಕೋಡ್‌ನಲ್ಲಿ ತಪ್ಪು ಹುಡುಕೋದಕ್ಕೇ ನನಗೆ ಸಂಬಳ. ಹಾಗಾಗಿ ಆಫೀಸಿನಲ್ಲಿ ಮಾಡುವ ಹಾಗೆಯೇ ಶುರು ಮಾಡಿದೆ. ಮೊದಲು ಸುಲಭದ ಕಾರಣಗಳನ್ನು ಒಂದೊಂದಾಗಿ ತೆಗೆದುಹಾಕೋದು.

ಮೊದಲನೆಯದು ಪರದೆ. ರಾತ್ರಿ ಒಂಬತ್ತೂವರೆ ಆಗಿತ್ತು. ಕಣ್ಣಿಗೆ ಹಿತವಾಗಲಿ ಅಂತ ವಿಂಡೋಸ್‌ನಲ್ಲಿ ನೈಟ್ ಲೈಟ್ ಹಾಕಿದ್ದೆ. ಅದು ಸಂಜೆಯಾದ ಮೇಲೆ ಇಡೀ ಪರದೆಯನ್ನು ಹಳದಿ ಮಾಡುತ್ತೆ. ಅದನ್ನು ಹಾಕಿಕೊಂಡು ಬಣ್ಣ ನೋಡೋದು, ಕೂಲಿಂಗ್ ಗ್ಲಾಸ್ ಹಾಕಿಕೊಂಡು ಸೀರೆ ಆರಿಸಿದ ಹಾಗೆ. ಆರಿಸಿದೆ. ಎರಡೂ ಫೋಟೊ ಒಟ್ಟಿಗೆ ಬದಲಾದವು, ನಡುವಿನ ವ್ಯತ್ಯಾಸ ಹಾಗೇ ಇತ್ತು. ಅಲ್ಲಿಗೆ ಅದು ಕಾರಣವಲ್ಲ.

ಎರಡನೆಯದು ಜೂಮ್. ಪೂರ್ತಿ ಫೋಟೊ ಪರದೆಗೆ ಹೊಂದುವಷ್ಟು ಸಣ್ಣದಾಗಿದ್ದಾಗ ಶಾರ್ಪ್‌ನೆಸ್ ಹೆಚ್ಚಿಸಿದ್ದು, ನಾಯ್ಸ್ ತೆಗೆದದ್ದು ಸರಿಯಾಗಿ ಕಾಣಲ್ಲ. ಬಿಫೋರ್‌ಗೂ ಆಫ್ಟರ್‌ಗೂ ವ್ಯತ್ಯಾಸವೇ ಇಲ್ಲ ಅಂತ ಎಷ್ಟೋ ಜನ ತಲೆ ಕೆಡಿಸಿಕೊಳ್ಳೋದು ಇದಕ್ಕೇ. ನೂರು ಪರ್ಸೆಂಟ್‌ಗೆ ಜೂಮ್ ಮಾಡಿದರೆ ಕಾಣುತ್ತೆ. ನಾನೂ ಮಾಡಿದೆ. ಪುಟ್ಟಿಯ ಕೆನ್ನೆ ಪರದೆ ತುಂಬ ಬಂತು. ಎಡಕ್ಕೂ ಬಲಕ್ಕೂ ಅದೇ ಬಣ್ಣ.

ಮೂರನೆಯದು ಹಿಸ್ಟರಿ. ಎಡಗಡೆ ಪಟ್ಟಿಯಲ್ಲಿ ನಾನು ಆ ಫೋಟೊಗೆ ಮಾಡಿದ ಪ್ರತಿ ಬದಲಾವಣೆಯೂ ಸಾಲು ಸಾಲಾಗಿ ಇರುತ್ತೆ. ಹೊಸದು ಮೇಲೆ, ಹಳೆಯದು ಕೆಳಗೆ. ನಾಲ್ಕೈದು ಸಾಲು ಅಷ್ಟೇ ಇತ್ತು. ಎಕ್ಸ್‌ಪೋಷರ್, ಕ್ರಾಪ್, ಇನ್ನೊಂದೆರಡು. ಬಣ್ಣದ ವಿಷಯ ಎಲ್ಲೂ ಇಲ್ಲ. ನಾನು ಪುಟ್ಟಿಗೆ ಹೇಳಿದ್ದು ನಿಜ ಅಂತ ಸಾಬೀತಾದ ಹಾಗೆ ಕಂಡಿತು. ಕಡೆಗೆ ತಳದಲ್ಲಿದ್ದ 'ಇಂಪೋರ್ಟ್' ಅನ್ನುವ ಸಾಲಿನ ಮೇಲೆ ಒತ್ತಿದೆ. ಅಂದರೆ ಫೋಟೊವನ್ನು ಕ್ಯಾಮೆರಾದ ಕಾರ್ಡಿನಿಂದ ಲ್ಯಾಪ್‌ಟಾಪಿಗೆ ಹಾಕಿಕೊಂಡ ಕ್ಷಣ. ಆಗಿನ್ನೂ ನಾನು ಏನೂ ಮಾಡಿರಲಿಲ್ಲ. ಬಲಗಡೆಯ ಸ್ಲೈಡರ್‌ಗಳೆಲ್ಲ ನಡುವಿನಲ್ಲಿ, ಸೊನ್ನೆಯ ಮೇಲೆ ಇರಬೇಕಿತ್ತು.

ಇರಲಿಲ್ಲ. ಎಕ್ಸ್‌ಪೋಷರ್ ಮೇಲಕ್ಕೆ ಹೋಗಿತ್ತು. ಶ್ಯಾಡೋಸ್ ಮೇಲಕ್ಕೆ ಹೋಗಿತ್ತು. ಕೆಳಗೆ ಬಣ್ಣಗಳ ಪಟ್ಟಿಯಲ್ಲಿ ಕೆಂಪು, ಹಸಿರು, ನೀಲಿ ಎಲ್ಲ ಸೊನ್ನೆಯಲ್ಲೇ ಇದ್ದವು. ಕಿತ್ತಳೆ ಬಣ್ಣದ ಲ್ಯೂಮಿನೆನ್ಸ್ ಮಾತ್ರ 30ಕ್ಕೆ ಏರಿತ್ತು. ಅದರ ಸ್ಯಾಚುರೇಷನ್ 15 ಇಳಿದಿತ್ತು.

ಫೋಟೊ ಎಡಿಟ್ ಮಾಡುವವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಿಲ್ಲ. ಉಳಿದವರಿಗೆ ಹೇಳುತ್ತೇನೆ. ಮನುಷ್ಯರ ಚರ್ಮ ಎಷ್ಟೇ ಬೆಳ್ಳಗಿರಲಿ, ಎಷ್ಟೇ ಕಪ್ಪಗಿರಲಿ, ಕಂಪ್ಯೂಟರ್ ಲೆಕ್ಕದಲ್ಲಿ ಅದು ಬಹುಪಾಲು ಕಿತ್ತಳೆ ಬಣ್ಣದ ಗುಂಪಿಗೇ ಬರುತ್ತೆ. ಕಿತ್ತಳೆಯ ಲ್ಯೂಮಿನೆನ್ಸ್ ಏರಿಸಿದರೆ ಸೀರೆ, ಗೋಡೆ, ಗಿಡ ಹೆಚ್ಚುಕಮ್ಮಿ ಇದ್ದ ಹಾಗೇ ಇರುತ್ತವೆ. ಚರ್ಮ ಮಾತ್ರ ಬೆಳ್ಳಗಾಗುತ್ತೆ. ಮದುವೆ ಫೋಟೊಗಳಲ್ಲಿ ಇದು ತುಂಬಾ ಹಳೆಯ ಉಪಾಯ.

ಇನ್ನೂ ಅನುಮಾನ ಇತ್ತು. ಕೆಳಗಿದ್ದ ರೀಸೆಟ್ ಒತ್ತಿದೆ. ಫೋಟೊ ಬಿಫೋರ್‌ಗಿಂತಲೂ ಹಿಂದಕ್ಕೆ ಹೋಯ್ತು. ಪರದೆಯ ಮೇಲೆ ನಮ್ಮ ಪುಟ್ಟಿ ಇದ್ದಳು.

ಸಾಫ್ಟ್‌ವೇರ್ ತಪ್ಪು ತೋರಿಸುತ್ತಿರಲಿಲ್ಲ. ಈ ಸಾಫ್ಟ್‌ವೇರ್‌ನಲ್ಲಿ ಬಿಫೋರ್ ಅಂದರೆ ಇಂಪೋರ್ಟ್ ಆದಾಗ ಫೋಟೊ ಹೇಗಿತ್ತೋ ಹಾಗೆ. ಇಂಪೋರ್ಟ್ ಮಾಡುವಾಗಲೇ ಯಾವುದಾದರೂ ಪ್ರಿಸೆಟ್ ಹಚ್ಚಿದ್ದರೆ, ಅದೂ ಬಿಫೋರ್‌ನ ಒಳಗೇ ಸೇರಿಬಿಡುತ್ತೆ. ಇಂಪೋರ್ಟ್ ಕಿಟಕಿಯಲ್ಲಿ ಪ್ರಿಸೆಟ್ ಆರಿಸೋಕೆ ಒಂದು ಜಾಗ ಇದೆ. ಒಮ್ಮೆ ಆರಿಸಿದರೆ ಮುಂದಿನ ಸಲಕ್ಕೂ ಅದೇ ಇರುತ್ತೆ. ನಾವು ಮರೆತರೂ ಅದು ಮರೆಯಲ್ಲ.

ಆ ಪ್ರಿಸೆಟ್ ಮಾಡಿದವನು ಯಾರು? ನಾನೇ. ಅದರ ಹೆಸರು ನೋಡಿದ ಕೂಡಲೇ ಎಲ್ಲ ನೆನಪಾಯ್ತು. 'ಫ್ಯಾಮಿಲಿ ಬೇಸ್' ಅಂತ ಇಟ್ಟಿದ್ದೆ.

ಎರಡು ವರ್ಷದ ಹಿಂದೆ ನೆಂಟರ ಒಂದು ಮದುವೆಯ ಫೋಟೊಗಳನ್ನು ಎಲ್ಲರಿಗೂ ಕಳಿಸಿದ್ದೆ. ಒಬ್ಬರ ಹಿಂದೆ ಒಬ್ಬರು ದೊಡ್ಡವರ ಫೋನ್ ಬಂತು. "ಫೋಟೊ ಚೆನ್ನಾಗಿದೆ ಕಣಪ್ಪಾ, ಆದ್ರೆ ಎಲ್ಲಾರೂ ಕಪ್ಪಗೆ ಬಂದ್ಬಿಟ್ಟಿದೀವಿ." "ಸ್ವಲ್ಪ ಬೆಳ್ಳಗೆ ಮಾಡಿ ಕಳ್ಸು." ಮುನ್ನೂರು ಚಿಲ್ಲರೆ ಫೋಟೊಗಳನ್ನು ಮತ್ತೆ ಒಂದೊಂದಾಗಿ ಸರಿ ಮಾಡಿದೆ. ಇನ್ನು ಮೇಲೆ ಈ ಗೋಳೇ ಬೇಡ ಅಂತ ಆ ಸೆಟ್ಟಿಂಗ್‌ಗಳನ್ನೇ ಪ್ರಿಸೆಟ್ ಮಾಡಿ ಇಂಪೋರ್ಟ್‌ಗೆ ಕಟ್ಟಿಬಿಟ್ಟೆ. ಅಲ್ಲಿಂದ ಮುಂದೆ ಯಾರೂ ದೂರು ಹೇಳಲಿಲ್ಲ. ನಾನು ಮರೆತೆ.

ಪುಟ್ಟಿಯ ಜಾತಕದ ಫೋಟೊ ತೆಗೆದದ್ದು ಅದಾದ ಮುಂದಿನ ತಿಂಗಳು.

ಆ ರಾತ್ರಿ ನಿದ್ದೆ ಸರಿಯಾಗಿ ಬರಲಿಲ್ಲ. ಎರಡು ವರ್ಷ ನಾನು ಬಿಫೋರ್, ಆಫ್ಟರ್ ಪಕ್ಕಪಕ್ಕ ಇಟ್ಟು ನೋಡಿ, 'ನಾನು ಜಾಸ್ತಿ ಎಡಿಟ್ ಮಾಡಲ್ಲಪ್ಪ, ನ್ಯಾಚುರಲ್ ಆಗಿಡ್ತೀನಿ' ಅಂತ ಹೇಳಿಕೊಂಡು ತಿರುಗಿದ್ದೆ. ಆ ಮಾತು ಹೇಳುವಾಗ ಸುಳ್ಳು ಹೇಳುತ್ತಿದ್ದೇನೆ ಅಂತ ನನಗೇ ಗೊತ್ತಿರಲಿಲ್ಲ. ಗೊತ್ತಿಲ್ಲದೆ ಮಾಡಿದ್ದು ಅಂತ ಸಮಾಧಾನ ಮಾಡಿಕೊಳ್ಳೋಣ ಅಂದರೆ, ಆ ಸ್ಲೈಡರ್ ಏರಿಸಿದ ಬೆರಳು ನನ್ನದೇ. ಅತ್ತೆಯರ ಮೇಲೆ ಹಾಕೋಣ ಅಂದರೆ, ಅವರು ಕೇಳಿದ್ದು ಒಂದು ಮದುವೆಯ ಫೋಟೊಗೆ. ಎಲ್ಲಾ ಫೋಟೊಗೂ, ಯಾವಾಗಲೂ, ಕೇಳದೆ ಹಚ್ಚು ಅಂತ ಯಾರೂ ಹೇಳಿರಲಿಲ್ಲ.

ಬೆಳಗ್ಗೆ ಬೇಗ ಎದ್ದು ಮತ್ತೆ ಕೂತೆ. ಈಗ ಬೇರೆ ಪ್ರಶ್ನೆ ಕಾಡುತ್ತಿತ್ತು. ರೀಸೆಟ್ ಒತ್ತಿದಾಗ ಬಂದದ್ದಾದರೂ ನಿಜವಾದ ಬಿಫೋರಾ?

ರಾ ಫೈಲ್ ಅಂದರೆ ಎಷ್ಟೋ ಜನ ಅದನ್ನು ಏನೂ ಬೆರೆಸದ ಫೋಟೊ ಅಂದುಕೊಂಡಿರುತ್ತಾರೆ. ನಾನೂ ಹಾಗೇ ಅಂದುಕೊಂಡಿದ್ದೆ. ಅಸಲಿಗೆ ಅದಿನ್ನೂ ಫೋಟೊವೇ ಅಲ್ಲ. ಹೆಚ್ಚಿನ ಕ್ಯಾಮೆರಾಗಳ ಸೆನ್ಸರ್ ಮೇಲೆ ಪುಟ್ಟ ಪುಟ್ಟ ಚೌಕಗಳ ಬಣ್ಣದ ಜಾಲರಿ ಇರುತ್ತೆ. ಕೊಡಾಕ್ ಕಂಪನಿಯ ವಿಜ್ಞಾನಿ ಬ್ರೈಸ್ ಬೇಯರ್ ಅವರಿಗೆ 1976ರಲ್ಲಿ ಇದರ ಪೇಟೆಂಟ್ ಸಿಕ್ಕಿತು. ಚೌಕಗಳಲ್ಲಿ ಅರ್ಧದಷ್ಟು ಹಸಿರು, ಕಾಲುಭಾಗ ಕೆಂಪು, ಕಾಲುಭಾಗ ನೀಲಿ. ಒಂದೊಂದು ಚುಕ್ಕೆಯೂ ಒಂದೇ ಬಣ್ಣದ ಬೆಳಕನ್ನು ಅಳೆದು ಒಂದು ಅಂಕಿ ಬರೆದಿಡುತ್ತೆ. ಉಳಿದೆರಡು ಬಣ್ಣ ಎಷ್ಟಿದ್ದೀತು ಅಂತ ಸಾಫ್ಟ್‌ವೇರ್ ಅಕ್ಕಪಕ್ಕದ ಚುಕ್ಕೆಗಳನ್ನು ನೋಡಿ ಅಂದಾಜು ಹಾಕುತ್ತೆ. ಎಷ್ಟು ಬೆಳಕಿರಬೇಕು, ಯಾವುದನ್ನು ಬಿಳಿ ಅಂತ ಕರೆಯಬೇಕು ಅನ್ನೋದನ್ನೆಲ್ಲ ಆಮೇಲೆ ಯಾರಾದರೂ ತೀರ್ಮಾನ ಮಾಡಲೇಬೇಕು. ಇದು ಹಿಟ್ಟಿನ ಥರ. ದೋಸೆ ಹುಯ್ಯುವ ಮುಂಚೆ ದೋಸೆ ಹೇಗಿತ್ತು ಅಂತ ಕೇಳೋಕಾಗಲ್ಲ.

ನಾವು ಕ್ಯಾಮೆರಾದ ಹಿಂದೆ ಪುಟ್ಟ ಪರದೆಯಲ್ಲಿ ನೋಡೋದು ಕ್ಯಾಮೆರಾ ತನ್ನ ರುಚಿಗೆ ಹುಯ್ದ ದೋಸೆ. ರಾ ಫೈಲಿನ ಜೊತೆಗೇ ಒಂದು ಸಣ್ಣ ಜೆಪೆಗ್ ಇರುತ್ತೆ. ಲ್ಯಾಪ್‌ಟಾಪಿನಲ್ಲಿ ಫೋಟೊ ತೆರೆದಾಗ ಒಂದು ಕ್ಷಣ ಚೆನ್ನಾಗಿ ಕಂಡು ತಕ್ಷಣ ಮಂಕಾಗೋದನ್ನು ನೋಡಿರುತ್ತೀರಿ. 'ನನ್ನ ಫೋಟೊ ಹಾಳಾಯ್ತು' ಅಂತ ಗಾಬರಿ ಬೀಳಬೇಕಿಲ್ಲ. ಮೊದಲು ಕಂಡದ್ದು ಕ್ಯಾಮೆರಾದ ಜೆಪೆಗ್, ಆಮೇಲೆ ಬಂದದ್ದು ಅದೇ ಹಿಟ್ಟಿನಿಂದ ಸಾಫ್ಟ್‌ವೇರ್ ಹುಯ್ದದ್ದು. ಎರಡೂ ಬಿಫೋರೇ, ಎರಡೂ ಬೇರೆ ಬೇರೆ.

ಹಾಗಂತ ಎಲ್ಲವೂ ಅವರವರ ಇಷ್ಟ ಅಂತ ಬಿಡೋಕೂ ಆಗಲ್ಲ. ಯಾವುದನ್ನು ಅಳತೆಗೋಲು ಮಾಡಿಕೊಳ್ಳುತ್ತೇವೆ ಅನ್ನೋದರ ಮೇಲೆ ಎಷ್ಟೋ ಜನರ ಮುಖ ನಿಂತಿರುತ್ತೆ. ರೀಲ್ ಕಾಲದಲ್ಲಿ ಲ್ಯಾಬ್‌ಗಳಲ್ಲಿ ಪ್ರಿಂಟಿನ ಬಣ್ಣ ಸರಿಯಿದೆಯಾ ಅಂತ ನೋಡೋಕೆ ಒಂದು ಮಾದರಿ ಕಾರ್ಡ್ ಇರುತ್ತಿತ್ತು. ಅದಕ್ಕೆ ಶರ್ಲಿ ಕಾರ್ಡ್ ಅಂತ ಹೆಸರು, ಮೊದಮೊದಲು ಅದರಲ್ಲಿದ್ದ ಮಾಡೆಲ್‌ನ ಹೆಸರೇ ಶರ್ಲಿ. ಆಮೇಲೆ ಬಂದ ಮಾಡೆಲ್‌ಗಳೂ ದಶಕಗಳ ಕಾಲ ಬಿಳಿಯ ಹೆಂಗಸರೇ. ಅವರ ಚರ್ಮ ಸರಿಯಾಗಿ ಬಂದರೆ ಪ್ರಿಂಟ್ ಸರಿ. ಕಪ್ಪು ಮೈಬಣ್ಣದವರ ಮುಖದ ವಿವರಗಳು ಆ ಅಳತೆಯಲ್ಲಿ ಮುಳುಗಿ ಹೋಗುತ್ತಿದ್ದವು. ಬೇರೆ ಬೇರೆ ಮೈಬಣ್ಣದವರು ಒಟ್ಟಿಗೆ ಇರುವ ಕಾರ್ಡ್ ಕೊಡಾಕ್‌ನಿಂದ ಬಂದದ್ದು 1990ರ ದಶಕದಲ್ಲಿ. ಹಿಂದೆಂದೋ ಇದನ್ನು ಓದಿದಾಗ 'ಛೆ, ಎಂಥ ಅನ್ಯಾಯ' ಅಂದಿದ್ದೆ. ನಾನೇ ಮನೆಯಲ್ಲಿ ಕೂತು 'ಫ್ಯಾಮಿಲಿ ಬೇಸ್' ಅಂತ ಒಂದು ಶರ್ಲಿ ಕಾರ್ಡ್ ಮಾಡಿಟ್ಟಿದ್ದೆ.

ಹಾಗಾಗಿ ಪುಟ್ಟಿಯ ಫೋಟೊಗೆ ಒಂದು ಸರಿಯಾದ ಬಿಫೋರ್ ಮಾಡಲೇಬೇಕು ಅಂತ ಕೂತೆ. ಪ್ರಿಸೆಟ್ ಪೂರ್ತಿ ತೆಗೆದೆ. ಮೊದಲು ವೈಟ್ ಬ್ಯಾಲೆನ್ಸ್. ಬಿಳಿ ಅಥವಾ ಬೂದು ಬಣ್ಣದ ಒಂದು ಜಾಗದ ಮೇಲೆ ಡ್ರಾಪರ್ ಒತ್ತಿದರೆ ಸಾಫ್ಟ್‌ವೇರ್ ಅದನ್ನು ಬಣ್ಣವಿಲ್ಲದ್ದು ಅಂತ ಹಿಡಿದುಕೊಂಡು ಉಳಿದದ್ದನ್ನೆಲ್ಲ ಸರಿಮಾಡುತ್ತೆ. ಪಕ್ಕದಲ್ಲಿ ಕೂತ ಚಿಕ್ಕಪ್ಪನ ಬಿಳಿ ಪಂಚೆಯ ಮೇಲೆ ಒತ್ತಿದೆ. ಇಡೀ ಫೋಟೊ ಅರಿಶಿನ ಮೆತ್ತಿದ ಹಾಗಾಯ್ತು. ಯಾಕೆ ಅಂತ ಹೊಳೆದಾಗ ನಗು ಬಂತು. ಚಿಕ್ಕಮ್ಮ ಪಂಚೆಗೆ ನೀಲಿ ಹಾಕಿ ಒಗೆದಿದ್ದರು. ಕಣ್ಣಿಗೆ ಬೆಳ್ಳಗೆ ಕಾಣೋ ಪಂಚೆ ಅಸಲಿಗೆ ನೀಲಿ. ಆ ನೀಲಿಯನ್ನು ಸರಿ ಮಾಡೋಕೆ ಹೋಗಿ ಸಾಫ್ಟ್‌ವೇರ್ ಎಲ್ಲಕ್ಕೂ ಹಳದಿ ಬಳಿದಿತ್ತು. ಮೂಲೆಯಲ್ಲಿ ಜಗಲಿಯ ಕೆಳಗಿನ ಸಿಮೆಂಟ್ ಮೆಟ್ಟಿಲು ಕಾಣುತ್ತಿತ್ತು. ಅದರ ಮೇಲೆ ಒತ್ತಿದೆ. ಸರಿಹೋಯ್ತು. ಬಾಳೆಎಲೆ ಬಾಳೆಎಲೆಯ ಹಸಿರಿಗೆ ಬಂತು, ತಟ್ಟೆಯಲ್ಲಿದ್ದ ಕೊಬ್ಬರಿ ಬಟ್ಟಲು ಕೊಬ್ಬರಿಯ ಬಣ್ಣಕ್ಕೆ ಬಂತು.

ಆಮೇಲೆ ಬೆಳಕು. ಜಗಲಿಯ ಆಚೆ ಬಿಸಿಲು ಜೋರಾಗಿದ್ದದ್ದರಿಂದ ಕ್ಯಾಮೆರಾ ಒಳಗಿನವರನ್ನು ಕತ್ತಲು ಮಾಡಿತ್ತು. ಎಕ್ಸ್‌ಪೋಷರ್ ಸ್ವಲ್ಪ ಏರಿಸಲೇಬೇಕಾಯ್ತು. ಇದಕ್ಕೂ ಬಣ್ಣ ಬೆಳ್ಳಗೆ ಮಾಡೋದಕ್ಕೂ ಏನು ವ್ಯತ್ಯಾಸ ಅಂತ ನೀವು ಕೇಳಬಹುದು. ಎಕ್ಸ್‌ಪೋಷರ್ ಏರಿಸಿದರೆ ಗೋಡೆ, ಸೀರೆ, ಚಿಕ್ಕಪ್ಪ, ಪುಟ್ಟಿ ಎಲ್ಲರಿಗೂ ಒಟ್ಟಿಗೆ ಬೆಳಕು ಬರುತ್ತೆ, ಕಿಟಕಿ ತೆರೆದ ಹಾಗೆ. ಕಿತ್ತಳೆ ಸ್ಲೈಡರ್ ಏರಿಸಿದರೆ ಚರ್ಮ ಒಂದನ್ನೇ ಆರಿಸಿ ಬಳಿದ ಹಾಗೆ. ನಾನು ಎರಡಕ್ಕೂ 'ಬೆಳಕು ಎತ್ತಿದೀನಿ' ಅಂತಲೇ ಹೇಳುತ್ತಿದ್ದೆ.

ಇಷ್ಟು ಮಾಡಿ, ಹಿಸ್ಟರಿಯಲ್ಲಿ ಆ ಸಾಲಿನ ಮೇಲೆ ರೈಟ್ ಕ್ಲಿಕ್ ಮಾಡಿ, ಅದನ್ನೇ ಬಿಫೋರ್‌ಗೆ ಕಾಪಿ ಮಾಡುವ ಆಯ್ಕೆ ಒತ್ತಿದೆ. ಹೌದು, ಬಿಫೋರ್ ಏನಿರಬೇಕು ಅಂತ ನಾವೇ ಹೇಳಬಹುದು. ಇಷ್ಟು ವರ್ಷ ಬಳಸಿದರೂ ನನಗೆ ಅದು ಬೇಕಾಗಿರಲೇ ಇಲ್ಲ.

ಬೇರೆ ಸಾಫ್ಟ್‌ವೇರ್ ಬಳಸುವವರಿಗೂ ಈ ತೊಡಕು ತಪ್ಪಿದ್ದಲ್ಲ, ರೂಪ ಬೇರೆ ಅಷ್ಟೇ. ಉಚಿತವಾಗಿ ಸಿಗುವ ರಾಥೆರಪಿಯಲ್ಲಿ ಬಿಫೋರ್ ಅಂದರೆ ನೀವು ಈಗಷ್ಟೇ ಮಾಡಿದ ಬದಲಾವಣೆಗಿಂತ ಒಂದು ಹೆಜ್ಜೆ ಹಿಂದಿನದು. ಸ್ಲೈಡರ್ ಮುಟ್ಟಿದ ಹಾಗೆಲ್ಲ ಬಿಫೋರ್ ಕೂಡ ಹಿಂದೆಯೇ ನಡೆದುಕೊಂಡು ಬರುತ್ತೆ. ಒಂದೇ ಕಡೆ ನಿಲ್ಲಬೇಕು ಅಂದರೆ ಬಿಫೋರ್ ಕಡೆ ಇರುವ ಬೀಗದ ಗುರುತು ಒತ್ತಬೇಕು. ಡಾರ್ಕ್‌ಟೇಬಲ್‌ನಲ್ಲಿ ಸ್ನಾಪ್‌ಶಾಟ್ ಅಂತ ಇದೆ. ನಿಮಗೆ ಬೇಕಾದ ಹಂತದಲ್ಲಿ ಒಂದು ಸ್ನಾಪ್‌ಶಾಟ್ ತೆಗೆದಿಟ್ಟುಕೊಂಡರೆ ಆಮೇಲೆ ನಡುವೆ ಗೆರೆ ಹಾಕಿಕೊಂಡು ಹೋಲಿಸಬಹುದು. ಅಲ್ಲಿನ ಹಿಸ್ಟರಿಯಲ್ಲಿ ಕೆಳಗಿನ ಸಾಲು ಒತ್ತಿ ಹಳೆಯದನ್ನೂ ನೋಡಬಹುದು. ಆದರೆ ಕೆಳಗಿರುವಾಗ ಏನಾದರೂ ಬದಲಾಯಿಸಿದರೆ ಮೇಲಿನ ಸಾಲುಗಳೆಲ್ಲ ಹೋಗುತ್ತವೆ, ಹುಷಾರು. ಯಾವುದೇ ಆಗಲಿ, ಹೋಲಿಸುವ ಮುಂಚೆ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ. ಇದು ಯಾವಾಗಿನ ಬಿಫೋರ್?

ಪುಟ್ಟಿ ಎದ್ದು ಕಾಫಿ ಲೋಟ ಹಿಡಿದುಕೊಂಡು ಬಂದಳು. ಕಿಟಕಿ ಹತ್ತಿರ ಕೂರಿಸಿ ಎಲ್ಲ ತೋರಿಸಿದೆ. ಪ್ರಿಸೆಟ್ ತೋರಿಸಿದೆ, ಯಾವಾಗ ಮಾಡಿದ್ದು, ಯಾಕೆ ಮಾಡಿದ್ದು ಎಲ್ಲ ಹೇಳಿದೆ. ಜಾತಕದ ಫೋಟೊ ಕೂಡ ಅದರಲ್ಲೇ ಹೋಗಿತ್ತು ಅಂತ ಹೇಳುವಾಗ ಅವಳ ಮುಖ ನೋಡಲಿಲ್ಲ. "ತಪ್ಪಾಯ್ತು ಕಣೇ," ಅಂದೆ.

ಅವಳು ಸ್ವಲ್ಪ ಹೊತ್ತು ಏನೂ ಅನ್ನಲಿಲ್ಲ. ಆಮೇಲೆ, "ಅವತ್ತು ಬಂದು ಹೋದೋರಿಗೆ ನನ್ನ ಬಣ್ಣ ಬೇಕಿರ್ಲಿಲ್ಲ. ಅದು ನಿನ್ನ ತಪ್ಪಲ್ಲ ಬಿಡು. ಆದ್ರೆ ಫೋಟೊ ಸರಿಯಾಗಿದ್ದಿದ್ರೆ ಅವರು ಬರ್ತಾನೇ ಇರ್ಲಿಲ್ಲ. ನಾನು ಸೀರೆ ಉಟ್ಕೊಂಡು ಕಾಫಿ ತರೋದು ತಪ್ತಿತ್ತು," ಅಂದಳು.

ಇದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಈಗಲೂ ಇಲ್ಲ.

ಆಮೇಲೆ ಅವಳೇ ಕೈ ಚಾಚಿ ವೈ ಒತ್ತಿದಳು. ಎಡಕ್ಕೆ ಹೊಸ ಬಿಫೋರ್, ಬಲಕ್ಕೆ ಹದಿನೈದು ದಿನದಿಂದ ಎಲ್ಲರ ಮೊಬೈಲಿನಲ್ಲಿ ಓಡಾಡುತ್ತಿರುವ ಫೋಟೊ. ತುಂಬಾ ಹೊತ್ತು ನೋಡಿದಳು. "ಇದೇ ಇರ್ಲಿ," ಅಂತ ಎಡಗಡೆಯದನ್ನು ತೋರಿಸಿದಳು. "ಅವರು ಮೊದಲೇ ಮನೆಗೆ ಬಂದು ನನ್ನನ್ನ ನೋಡಿ ಒಪ್ಪಿರೋದು. ಫೋಟೊ ನೋಡಿ ಅಲ್ಲ. ಆಲ್ಬಂನಲ್ಲಿ ಬೇರೆ ಯಾರೋ ಇದ್ರೆ ಅವರಿಗೇ ಗಲಿಬಿಲಿ ಆಗುತ್ತೆ."

ಅಷ್ಟರಲ್ಲಿ ಚಿಕ್ಕಮ್ಮ ಎದ್ದು ಬಂದು ಭುಜದ ಮೇಲಿಂದ ಇಣುಕಿ, "ಯಾಕಪ್ಪಾ, ಇದು ಸ್ವಲ್ಪ ಕಪ್ಪಗಿದೆಯಲ್ಲ?" ಅಂದರು. ಪುಟ್ಟಿ ನನ್ನ ಕಡೆ ನೋಡಿ ನಕ್ಕಳು. "ನಾನೂ ಹಂಗೇ ಇದೀನಲ್ಲಮ್ಮ," ಅಂದಳು. ಚಿಕ್ಕಮ್ಮ ಏನೋ ಗೊಣಗಿಕೊಂಡು ಅಡುಗೆಮನೆಗೆ ಹೋದರು. ಅವರು ಒಪ್ಪಿದರು ಅಂತ ನಾನು ಹೇಳಲಾರೆ.

ಪುಟ್ಟಿ ಊರಿಗೆ ಹೊರಡುವ ಮುಂಚೆ ಇನ್ನೊಂದು ಮಾತು ಕೇಳಿದಳು. "ಅಜ್ಜಿ ಫೋಟೊನೂ ನೀನೇ ಅಲ್ವಾ ತೆಗ್ದಿದ್ದು?"

ಎದೆ ಧಸಕ್ ಅಂತು. ಅಜ್ಜಿ ಹೋಗಿ ಒಂದು ವರ್ಷದ ಮೇಲಾಯ್ತು. ಊರ ಮನೆಯ ನಡುಮನೆಯಲ್ಲಿ ಹಾರ ಹಾಕಿರೋ ಫೋಟೊ, ಅವರು ಹೋಗುವ ಕೆಲವು ತಿಂಗಳ ಮುಂಚೆ ನಾನು ತೋಟದಲ್ಲಿ ತೆಗೆದದ್ದು. ಅದನ್ನು ಹುಡುಕಿ ತೆರೆದೆ. ಕಿತ್ತಳೆ 30. ನಮ್ಮ ಅಜ್ಜಿಯನ್ನೂ ನಾನು ಗೋಧಿ ಬಣ್ಣ ಮಾಡಿಬಿಟ್ಟಿದ್ದೆ.

ರಾ ಫೈಲಿನ ಒಂದು ಒಳ್ಳೆ ಗುಣ ಅಂದರೆ ನಾವು ಮೇಲೆ ಏನೇ ಮಾಡಿದರೂ ಮೂಲದ ಅಂಕಿಗಳು ಹಾಗೇ ಇರುತ್ತವೆ. ಬದಲಾವಣೆಗಳೆಲ್ಲ ಪಕ್ಕದಲ್ಲಿ ಬರೆದಿಟ್ಟ ಚೀಟಿಯ ಹಾಗೆ. ಚೀಟಿ ಹರಿದು ಹಾಕಿ ಹೊಸದು ಬರೆಯಬಹುದು. ಅಜ್ಜಿಯ ಚೀಟಿ ಹರಿದೆ. ತೋಟದ ನೆರಳು, ಪೂರ್ತಿ ನರೆತ ಕೂದಲು, ಹಣೆಯ ವಿಭೂತಿ, ರಾಗಿ ಬಣ್ಣದ ಮುಖ. ಪ್ರಿಸೆಟ್ ಕೆನ್ನೆಯ ಮೇಲಿನ ಸಣ್ಣ ಸುಕ್ಕುಗಳನ್ನೂ ತಿಂದು ಹಾಕಿತ್ತು, ಅವೂ ವಾಪಸ್ ಬಂದವು. ಪುಟ್ಟಿ ಪರದೆಯ ಹತ್ತಿರ ಬಗ್ಗಿ ನೋಡಿದಳು. ಆ ಎರಡು ಮುಖ ಅಷ್ಟು ಹತ್ತಿರ ಇದ್ದಾಗ, 'ಅವಳಿಗೆ ಅಜ್ಜಿ ಬಣ್ಣ' ಅಂತ ಎಲ್ಲರೂ ಅನ್ನೋದು ಎಷ್ಟು ನಿಜ ಅಂತ ಮೊದಲ ಸಲ ಗೊತ್ತಾಯ್ತು.

ಎರಡು ಪ್ರಿಂಟ್ ಹಾಕಿಸಿದೆ. ಒಂದನ್ನು ಊರಿಗೆ ಕೊಟ್ಟು ಕಳಿಸಿದೆ. ಚಿಕ್ಕಪ್ಪ ಇನ್ನೂ ಫ್ರೇಮ್ ಬದಲಾಯಿಸಿಲ್ಲ. ವರ್ಷದಿಂದ ಪೂಜೆ ಮಾಡಿದ ಫೋಟೊ ಇಳಿಸೋದು ಹೇಗೆ ಅಂತ ಅವರ ಪ್ರಶ್ನೆ. ಅದು ನಡುಮನೆಯ ಬೀರುವಿನಲ್ಲಿದೆಯಂತೆ. ಇನ್ನೊಂದನ್ನು ಪುಟ್ಟಿ ತಗೊಂಡಳು. ಮದುವೆಯಾದ ಮೇಲೆ ಹೊಸ ಮನೆಗೆ ಅಂತ ಅವಳ ಪೆಟ್ಟಿಗೆಯಲ್ಲಿಟ್ಟುಕೊಂಡಿದ್ದಾಳೆ.

'ಫ್ಯಾಮಿಲಿ ಬೇಸ್' ಈಗ ಡಿಲೀಟ್ ಆಗಿದೆ. ಇಂಪೋರ್ಟ್ ಕಿಟಕಿಯಲ್ಲಿ ಆ ಜಾಗ ಖಾಲಿ ಇದೆ. ಎರಡು ವರ್ಷದ ಫೋಟೊಗಳನ್ನು ಭಾನುವಾರ ಭಾನುವಾರ ಸ್ವಲ್ಪ ಸ್ವಲ್ಪ ತೆರೆದು ಸರಿ ಮಾಡುತ್ತಿದ್ದೇನೆ. ಯಾರಾದರೂ ಬೆಳ್ಳಗೆ ಮಾಡು ಅಂದರೆ ಈಗ ವಾದ ಮಾಡಲ್ಲ, ಅವರ ಫೋಟೊ ಅವರಿಷ್ಟ. ಪಕ್ಕದಲ್ಲಿ ಇನ್ನೊಂದನ್ನೂ ಕಳಿಸುತ್ತೇನೆ. ಹೋದ ವಾರ ಅತ್ತೆಯೊಬ್ಬರು ಎರಡನ್ನೂ ನೋಡಿ ಫೋನ್ ಮಾಡಿದ್ದರು. "ಎರಡನೇದೇ ಇರ್ಲಿ ಬಿಡಪ್ಪಾ. ಮೊದಲನೇದು ಯಾರೋ ನೆಂಟ್ರ ಥರ ಇದೆ," ಅಂದರು.